ಅಳಿಸುವ ಮೊದಲು ಹೇಳಬೇಕಾದ ಮಾತು

ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೊರಟ ಲೋಕಲ್ ಮೊದಲು ನಿಲ್ಲುವುದು ವಿಠ್ಠಲವಾಡಿಯಲ್ಲಿ. ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿರುವ ಚಾಳಿನ ಒಂದು ಖೋಲಿಯಲ್ಲಿ ಭಾನುವಾರ ಮಧ್ಯಾಹ್ನ ಐದಾರು ಹುಡುಗರಿಗೆ ಲಿನಕ್ಸ್ ಹೇಳಿಕೊಡುತ್ತೇನೆ. ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇದ್ದ ದಿನ ಡೊಂಬಿವಲಿಯಿಂದ ಬರುವವರು ತಡವಾಗಿ ಬರುತ್ತಾರೆ. ಅವರು ಬರುವತನಕ ಉಳಿದವರು ಹಿಂದಿನ ವಾರದ್ದನ್ನು ಮತ್ತೊಮ್ಮೆ ಟೈಪ್ ಮಾಡುತ್ತಾ ಕೂರುತ್ತಾರೆ. ಇರುವುದು ಮೂರೇ ಹಳೆಯ ಕಂಪ್ಯೂಟರುಗಳು. ಮೂರರಲ್ಲೂ ಡೆಬಿಯನ್ ಎಂಬ ಲಿನಕ್ಸ್ ಹಾಕಿದ್ದೇವೆ.

ಒಂದು ಭಾನುವಾರ ತಂತ್ರಾಂಶ ತೆಗೆಯುವ ಬಗೆ ಹೇಳುತ್ತಿದ್ದಾಗ ಕಲಬುರಗಿ ಕಡೆಯ ಹುಡುಗನೊಬ್ಬ ಕೇಳಿದ: "ಸರ್, ರಿಮೂವ್ ಅಂದ್ರೂ ತೆಗಿಯೋದು, ಪರ್ಜ್ ಅಂದ್ರೂ ತೆಗಿಯೋದು. ಎರಡ್ಯಾಕ್ ಬೇಕ್ರಿ?" ಹಗಲು ಉಲ್ಹಾಸನಗರದ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ ಅವನು. ಹೆಚ್ಚೂಕಡಿಮೆ ಅರ್ಥವಾದರೆ ಸಾಕು ಅನ್ನುವ ಸ್ವಭಾವದವನಲ್ಲ.

ಅವನಿಗೆ ನಾವು ಕೂತಿದ್ದ ಖೋಲಿಯನ್ನೇ ತೋರಿಸಿದೆ. ಬಾಡಿಗೆಗೆ ಇದ್ದವನು ಖಾಲಿ ಮಾಡಿಕೊಂಡು ಹೋದ. ಬಾಗಿಲ ಮೇಲೆ ಅವನ ಹೆಸರಿನ ಫಲಕ ಹಾಗೇ ಇದೆ, ಗೋಡೆಗೆ ಹೊಡೆದ ಮೊಳೆ ಹಾಗೇ ಇದೆ. ನಾಳೆ ತಿರುಗಿ ಬಂದರೆ ಅಂಗಿ ತಗುಲಿಸಲು ಹೊಸ ಮೊಳೆ ಬೇಕಿಲ್ಲ. ಇದು ರಿಮೂವ್: ತಂತ್ರಾಂಶ ಹೋಗುತ್ತದೆ, ಅದಕ್ಕೆ ನಾವು ಮಾಡಿಟ್ಟ ಸೆಟ್ಟಿಂಗ್ ಕಡತಗಳು ಉಳಿಯುತ್ತವೆ. ಫಲಕ ಇಳಿಸಿ, ಮೊಳೆ ಕಿತ್ತು, ಸುಣ್ಣ ಬಳಿದರೆ ಅದು ಪರ್ಜ್. ಎರಡರಲ್ಲೂ ಬಳಕೆದಾರನ ಸ್ವಂತ ಹೋಮ್ ಫೋಲ್ಡರಿನಲ್ಲಿರುವ ವಸ್ತುಗಳನ್ನು ಮುಟ್ಟುವುದಿಲ್ಲ. ಕೊನೆಯ ಈ ಮಾತನ್ನು ಯಂತ್ರದಲ್ಲಿರುವ ಕೈಪಿಡಿಯೂ ಹೇಳುತ್ತದೆ, ಆದರೆ ಇಂಗ್ಲಿಷಿನಲ್ಲಿ.

ಆ ದಿನದಿಂದ ನಾವೊಂದು ನೋಟ್‌ಬುಕ್ ಇಟ್ಟಿದ್ದೇವೆ. ತಂತ್ರಾಂಶ ಹಾಕುವ, ತೆಗೆಯುವ ಆಪ್ಟ್-ಗೆಟ್ ಎಂಬ ಕಮಾಂಡಿನ ಒಂದೊಂದು ಆಪ್ಶನ್ನಿಗೂ ಕನ್ನಡದಲ್ಲಿ ವಿವರಣೆ ಬರೆಯುವುದು ಅದರ ಕೆಲಸ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತು ಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಲಿನಕ್ಸ್ ಬಳಸದ ಓದುಗರಿಗೆ ಎರಡು ಮಾತು. ಇಲ್ಲಿ ತಂತ್ರಾಂಶಗಳನ್ನು ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಳ್ಳುವ ರೂಢಿಯಿಲ್ಲ. ಎಲ್ಲವೂ ಒಂದು ಭಂಡಾರದಲ್ಲಿ ಪ್ಯಾಕೇಜುಗಳಾಗಿ ಕೂತಿರುತ್ತವೆ. ಬೇಕಾದ್ದನ್ನು ತಂದು ಜೋಡಿಸುವುದು, ಬೇಡವಾದ್ದನ್ನು ತೆಗೆಯುವುದು ಪ್ಯಾಕೇಜ್ ಮ್ಯಾನೇಜರಿನ ಕೆಲಸ. ಇಡ್ಲಿಗೆ ಅಕ್ಕಿ ಕೊಡಿ ಅಂದರೆ ಉದ್ದಿನಬೇಳೆಯನ್ನೂ ಕಟ್ಟಿಕೊಡುವ ಕಿರಾಣಿ ಅಂಗಡಿಯವರ ಹಾಗೆ, ಒಂದಕ್ಕೆ ಬೇಕಾದ ಇನ್ನೊಂದನ್ನೂ ಅದೇ ತರುತ್ತದೆ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ನಲ್ಲಿ ಮೊದಲು ಡಿಪಿಕೆಜಿ ಇತ್ತು. 1999ರ ಮಾರ್ಚ್‌ನಲ್ಲಿ ಬಂದ 2.1ನೆಯ ಆವೃತ್ತಿಯ ಜೊತೆ ಆಪ್ಟ್ ಜನರ ಕೈಗೆ ಬಂತು; ಆಪ್ಟ್-ಗೆಟ್ ಅದರದೇ ಕಮಾಂಡು. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಇದೇ ಕೆಲಸವನ್ನು ಆರ್‌ಪಿಎಮ್, ಯಮ್, ಈಗ ಡಿಎನ್‌ಎಫ್ ಮಾಡುತ್ತವೆ.

ಕಮಾಂಡಿನ ನಂತರ ಅಡ್ಡಗೆರೆ ಹಾಕಿ ಬರೆಯುವ ಪುಟ್ಟ ಸೂಚನೆಯೇ ಆಪ್ಶನ್. 'ಹೀಗೆ ಮಾಡು' ಎಂಬ ಆಜ್ಞೆಗೆ 'ಆದರೆ ಕೇಳದೆಯೇ ಮಾಡು' ಎಂದೋ 'ಮಾಡಿದ ಹಾಗೆ ತೋರಿಸು, ಮಾಡಬೇಡ' ಎಂದೋ ಸೇರಿಸುವುದು. ಅದರ ವಿವರಣೆ ಸಿಗುವುದು ಮ್ಯಾನ್ ಪುಟದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಇಂದಿನ ಮ್ಯಾನ್ ಪುಟವೂ ಅದೇ ಅಚ್ಚಿನದು: ಹೆಸರು, ಬಳಸುವ ಬಗೆ, ವಿವರಣೆ, ಕೊನೆಗೆ ಗೊತ್ತಿರುವ ದೋಷಗಳು. ತಮ್ಮ ಕೆಲಸದ ದೋಷವನ್ನು ತಾವೇ ಬರೆದಿಡುವ ಆ ಪದ್ಧತಿಯ ಬಗ್ಗೆ ನನಗೆ ದೊಡ್ಡ ಗೌರವ. ಡೆಬಿಯನ್ ತನ್ನ ನಿಯಮಾವಳಿಯಲ್ಲೇ ಪ್ರತಿ ಪ್ರೋಗ್ರಾಮಿಗೂ ಮ್ಯಾನ್ ಪುಟ ಇರಬೇಕು ಎಂದು ಬರೆದುಕೊಂಡಿದೆ. ಪುಟವಿಲ್ಲದಿರುವುದನ್ನೂ ದೋಷವೆಂದೇ ದಾಖಲಿಸುತ್ತಾರೆ.

ಈ ಪುಟಗಳನ್ನು ಓದದೇ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾನು ಸ್ವತಃ ಕಂಡಿದ್ದೇನೆ. ವರ್ಷಗಳ ಹಿಂದೆ ಠಾಣೆಯ ಒಂದು ಕಚೇರಿಯ ಸರ್ವರಿನಲ್ಲಿ ಒಂದೇ ಬಗೆಯ ಹಳೆಯ ಪ್ಯಾಕೇಜುಗಳನ್ನು ತೆಗೆಯಬೇಕಿತ್ತು. ಹೆಸರಿನ ಮೊದಲ ಅಕ್ಷರಗಳನ್ನು ಬರೆದು, ಮುಂದೆ ಒಂದು ಚುಕ್ಕೆ, ಒಂದು ನಕ್ಷತ್ರ ಚಿಹ್ನೆ ಹಾಕಿದೆ. ಆ ಅಕ್ಷರಗಳಿಂದ ಶುರುವಾಗುವವು ಮಾತ್ರ ಹೋಗುತ್ತವೆ ಎಂದು ತಿಳಿದಿದ್ದೆ. ಜೊತೆಗೆ ಹೈಫನ್ ವೈ ಹಾಕಿದ್ದೆ. ಅಂದರೆ ಏನು ಕೇಳಿದರೂ ಹೌದು ಎಂದುಕೋ ಎಂಬ ಸೂಚನೆ. ಆದರೆ ಆಪ್ಟ್-ಗೆಟ್ ಆ ಅಕ್ಷರಗಳನ್ನು ಹೆಸರಿನ ಮೊದಲಲ್ಲಷ್ಟೇ ಹುಡುಕುವುದಿಲ್ಲ, ನಡುವೆ ಎಲ್ಲೇ ಇದ್ದರೂ ಹಿಡಿಯುತ್ತದೆ. ನೋಡನೋಡುತ್ತಿದ್ದಂತೆ ಪರದೆಯ ಮೇಲೆ ನನಗೆ ಬೇಕಿದ್ದ ಪ್ಯಾಕೇಜುಗಳ ಹೆಸರೂ ಸಾಲಾಗಿ ಹೋದವು. ಎಲ್ಲ ಮತ್ತೆ ಜೋಡಿಸುವ ಹೊತ್ತಿಗೆ ಕೊನೆಯ ಲೋಕಲ್ ಹೋಗಿತ್ತು. ಆಮೇಲೆ ಮ್ಯಾನ್ ಪುಟ ತೆರೆದರೆ ನಾನು ಮಾಡಿದ ತಪ್ಪಿನದೇ ಎಚ್ಚರಿಕೆ, ಉದಾಹರಣೆ ಸಮೇತ, ಅಲ್ಲಿತ್ತು. ಬರೆದವರು ತಮ್ಮ ಕೆಲಸ ಮಾಡಿದ್ದರು. ನಾನು ಓದಿರಲಿಲ್ಲ.

ಹಾಗಾಗಿ ನಮ್ಮ ನೋಟ್‌ಬುಕ್ಕಿನಲ್ಲಿ ಮೊದಲು ಬರೆದ ಆಪ್ಶನ್ ಹೈಫನ್ ಎಸ್. ಇದಕ್ಕೆ ಐದು ಉದ್ದ ಹೆಸರುಗಳಿವೆ: ಸಿಮ್ಯುಲೇಟ್, ಜಸ್ಟ್-ಪ್ರಿಂಟ್, ಡ್ರೈ-ರನ್, ರೆಕಾನ್, ನೋ-ಆ್ಯಕ್ಟ್. ಯಾವುದನ್ನು ಬರೆದರೂ ಆಗುವುದು ಒಂದೇ. ಏನು ಬರುತ್ತದೆ, ಏನು ಹೋಗುತ್ತದೆ ಎಂಬ ಪಟ್ಟಿ ಮಾತ್ರ ಕಾಣಿಸುತ್ತದೆ, ಯಂತ್ರದಲ್ಲಿ ಏನೂ ಬದಲಾಗುವುದಿಲ್ಲ. ಸಾಲಿನ ಮೊದಲಲ್ಲಿ 'ಇನ್‌ಸ್ಟ್' ಎಂದಿದ್ದರೆ ಅದು ಬರುವ ಪ್ಯಾಕೇಜು, 'ರೆಮ್ವ್' ಎಂದಿದ್ದರೆ ಹೋಗುವುದು. ಹುಡುಗರು ಇದಕ್ಕೆ 'ತಾಲೀಮು' ಎಂದು ಹೆಸರಿಟ್ಟರು. ಯಕ್ಷಗಾನಕ್ಕೂ ನಾಟಕಕ್ಕೂ ನಮ್ಮಲ್ಲಿ ಬಳಸುವ ಮಾತು. ನಿಘಂಟು ಹುಡುಕಿದ್ದರೆ ನನಗೆ ಇಷ್ಟು ಚೆನ್ನಾದ ಪದ ಸಿಗುತ್ತಿರಲಿಲ್ಲ.

ಇನ್ನೊಂದು ಕಡೆ ನಾವು ಎರಡು ವಾರ ನಿಂತೆವು. ಇನ್‌ಸ್ಟಾಲ್ ಎಂದು ಬರೆದು, ಪ್ಯಾಕೇಜಿನ ಹೆಸರಿನ ಕೊನೆಗೆ ಒಂದು ಅಡ್ಡಗೆರೆ ಎಳೆದರೆ, ಆ ಪ್ಯಾಕೇಜು ಬರುವ ಬದಲು ಹೋಗುತ್ತದೆ. ಒಂದು ಗೆರೆಯಿಂದ ಅರ್ಥ ತಿರುಗಿಬಿಡುತ್ತದೆ. ಅನುಭವಿಗಳಿಗೆ ಇದು ಅನುಕೂಲ. ಹೊಸಬರಿಗೆ ಹೇಗೆ ಹೇಳುವುದು? ಕೊನೆಗೆ ಗುಬ್ಬಿ ಎಂಬ ಕನ್ನಡ ಅಕ್ಷರವಿನ್ಯಾಸದ ಪ್ಯಾಕೇಜನ್ನೇ ಉದಾಹರಣೆಗೆ ತಗೊಂಡೆವು. ಗೆರೆಯಿಲ್ಲದೆ ಬರೆದಾಗ ಗುಬ್ಬಿ ಬಂತು, ಗೆರೆ ಹಾಕಿ ಬರೆದಾಗ ಹೋಯಿತು. ಕಣ್ಣಾರೆ ನೋಡಿದ ಮೇಲೆ ಯಾರಿಗೂ ವಾಕ್ಯ ಹುಡುಕುವುದು ಕಷ್ಟವಾಗಲಿಲ್ಲ.

ಬರೆಯುವಾಗ ವ್ಯಾಕರಣದ ಒಂದು ತೊಡಕೂ ಎದುರಾಯಿತು. ಇಂಗ್ಲಿಷಿನ 'ರಿಮೂವ್' ಯಾರಿಗೆ ಹೇಳಿದ ಮಾತು? ಕನ್ನಡದಲ್ಲಿ 'ತೆಗೆ' ಬೇರೆ, 'ತೆಗೆಯಿರಿ' ಬೇರೆ. ಯಂತ್ರಕ್ಕೆ ಬಹುವಚನ ಬೇಡ, ಓದುಗರಿಗೆ ಏಕವಚನ ಸಲ್ಲದು. ನಾವು ಹೀಗೆ ಗೊತ್ತುಮಾಡಿಕೊಂಡೆವು: ಆಪ್ಶನ್ ಏನು ಮಾಡುತ್ತದೆ ಎಂಬುದಕ್ಕೆ 'ತೆಗೆಯುತ್ತದೆ, ತೋರಿಸುತ್ತದೆ', ಓದುಗರಿಗೆ ಹೇಳುವ ಎಚ್ಚರಿಕೆಗೆ 'ನೋಡಿಕೊಳ್ಳಿ, ಮೊದಲು ತಾಲೀಮು ಮಾಡಿ'. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬ ಗೊಂದಲ ಅಲ್ಲಿಗೆ ಹರಿಯಿತು.

ಎಚ್ಚರಿಕೆ ಬರೆದಿದ್ದರೂ ಸಾಲದು ಎಂಬುದಕ್ಕೆ ಜಗತ್ತೇ ಕಂಡ ಉದಾಹರಣೆಯಿದೆ. 2021ರ ನವೆಂಬರ್‌ನಲ್ಲಿ ಬಂದ ವಿಡಿಯೊದಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಗೇಮ್ ತಂತ್ರಾಂಶ ಹಾಕಲು ಹೋದರು. ಪ್ಯಾಕೇಜಿನಲ್ಲಿದ್ದ ದೋಷದಿಂದ, ಅದನ್ನು ಹಾಕಬೇಕಾದರೆ ಡೆಸ್ಕ್‌ಟಾಪನ್ನೇ ತೆಗೆಯಬೇಕು ಎಂದು ಆಪ್ಟ್ ಲೆಕ್ಕ ಹಾಕಿತು. ಮುಂದುವರಿಯಲು 'ಹೌದು, ಹೇಳಿದ ಹಾಗೆ ಮಾಡು' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಟೈಪ್ ಮಾಡಲು ಹೇಳಿತು. ಅವರು ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಆಪ್ಟ್ ಬರೆಯುವವರು ಬಳಕೆದಾರನನ್ನು ಬೈಯುತ್ತಾ ಕೂರಲಿಲ್ಲ. ಅದೇ ತಿಂಗಳು ಆ ಪ್ರಶ್ನೆಯನ್ನೇ ತೆಗೆದರು. ಈಗ ಅಗತ್ಯ ಪ್ಯಾಕೇಜು ತೆಗೆಯಬೇಕಾದರೆ ಅದಕ್ಕೆಂದೇ ಇರುವ ಉದ್ದನೆಯ ಆಪ್ಶನ್ನನ್ನು ತಿಳಿದು ಬರೆಯಬೇಕು. ಅದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಅಪಾಯದ ಆಪ್ಶನ್ನಿಗೆ ಉದ್ದ ಹೆಸರಿರಬೇಕು, ವಿವರಣೆಯಲ್ಲಿ ಅಪಾಯವೇ ಮೊದಲ ವಾಕ್ಯವಾಗಬೇಕು.

ಕನ್ನಡದಲ್ಲಿ ಏನೂ ಆಗಿಲ್ಲ ಎಂದಲ್ಲ. ನಮ್ಮ ಇದೇ ಸೆಂಟ್ರಲ್ ಲೈನಿನಲ್ಲಿ ಕಾಂಜೂರ್‌ಮಾರ್ಗದಲ್ಲಿ ಇಳಿದರೆ ಪೊವಾಯಿ ಹತ್ತಿರ. ಅಲ್ಲಿನ ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಆರಂಭಿಸಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್ ಪಾಠಗಳನ್ನು ಭಾರತೀಯ ಭಾಷೆಗಳಲ್ಲಿ ಕೊಡುತ್ತಿದೆ. ಪರದೆ ಇಂಗ್ಲಿಷಿನದು, ಧ್ವನಿ ಕನ್ನಡದ್ದು. ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರಿನ ಪಾಠವನ್ನು ನಮ್ಮ ಹುಡುಗರು ಕನ್ನಡದಲ್ಲೇ ಕೇಳಿ ಕಲಿತರು. ಆದರೆ ಅದು ಮೌಸ್ ಒತ್ತುವ ಪಾಠ. ಕೆಲಸದ ನಡುವೆ ಒಂದು ಆಪ್ಶನ್ ಮರೆತರೆ ತೆರೆದು ನೋಡಲು ಬರಹವೇ ಬೇಕು. ಆಪ್ಟ್ ಕೈಪಿಡಿ ಜರ್ಮನ್, ಫ್ರೆಂಚ್, ಜಪಾನಿ, ಪೋಲಿಷ್, ಪೋರ್ಚುಗೀಸ್ ಭಾಷೆಗಳಲ್ಲಿದೆ. ಆ ಸಾಲಿನಲ್ಲಿ ಕನ್ನಡವಿಲ್ಲ.

ಅದನ್ನು ಸೇರಿಸಲು ದೊಡ್ಡ ಸಂಸ್ಥೆಯೇನೂ ಬೇಕಿಲ್ಲ. ಕೈಪಿಡಿಯನ್ನು ಪ್ಯಾರಾ ಪ್ಯಾರಾ ಆಗಿ ಬಿಡಿಸಿ, ಪಕ್ಕದಲ್ಲೇ ಅನುವಾದ ಬರೆಯುವ ಪಿಒ ಕಡತಗಳ ವ್ಯವಸ್ಥೆ ಈಗಾಗಲೇ ಇದೆ. ಅನುವಾದವಾಗದ ಪ್ಯಾರಾ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಆದದ್ದು ಕನ್ನಡದಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದಿನವೂ ಆಪ್ಟ್ ಬಳಸುವ ಕನ್ನಡಿಗರೇ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಆಪ್ಶನ್ ಆರಿಸಿಕೊಳ್ಳಿ. ಮೊದಲು ತಾಲೀಮು ಮಾಡಿ ನೋಡಿ, ಆಮೇಲೆ ನಾಲ್ಕು ಸಾಲು ಬರೆಯಿರಿ, ಲಿನಕ್ಸ್ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ವಿಠ್ಠಲವಾಡಿಯ ನೋಟ್‌ಬುಕ್ಕಿನಲ್ಲಿ ಈ ಭಾನುವಾರಕ್ಕೆ ಹದಿನಾಲ್ಕು ಆಪ್ಶನ್‌ಗಳಾಗಿವೆ.