ಮಾತ್ರೆ ಒಂದೇ, ಮೈಗುಣ ಬೇರೆ

ಪುಣೆಯಿಂದ ಬೆಂಗಳೂರು ಹೆದ್ದಾರಿ ಹಿಡಿದು ಬಂದು ಕಾಪೂರಹೋಳದಲ್ಲಿ ಪಶ್ಚಿಮಕ್ಕೆ ತಿರುಗಿದರೆ ಭೋರ್ ಸಿಗುತ್ತದೆ. ನೀರಾ ನದಿಯ ದಂಡೆಯ ಹಳೆಯ ಸಂಸ್ಥಾನದ ಊರು. ಇಲ್ಲಿನ ಹಿರಿಯರಿಗೆ ಹೃದಯಾಘಾತವಾದರೆ ಸ್ಟೆಂಟ್ ಹಾಕಿಸಲು ಸುಮಾರು 50 ಕಿಲೋಮೀಟರ್ ದೂರದ ಪುಣೆಗೇ ಹೋಗಬೇಕು. ಮರಳುವಾಗ ಕೈಗೆ ಬರುವ ಮಾತ್ರೆ ಚೀಟಿ ಭೋರಿನಲ್ಲಾಗಲಿ, ಧಾರವಾಡದಲ್ಲಾಗಲಿ, ಕೋಲಾರದಲ್ಲಾಗಲಿ ಬಹುಮಟ್ಟಿಗೆ ಒಂದೇ ಬಗೆಯದು. ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಕೊಲೆಸ್ಟರಾಲ್ ಇಳಿಸಲು ಅಟೋರ್ವಾಸ್ಟಾಟಿನ್, ಹೊಟ್ಟೆಯುರಿಗೆ ಇನ್ನೊಂದು. ಮೊದಲಿನಿಂದ ನುಂಗುತ್ತಿದ್ದ ಬಿಪಿ, ಶುಗರ್ ಮಾತ್ರೆಗಳು ಇದಕ್ಕೆ ಸೇರುತ್ತವೆ. ಈ ಪಟ್ಟಿಯಲ್ಲಿ ಕ್ಲೋಪಿಡೋಗ್ರೆಲ್‌ನ ಕಥೆಯನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜನರ ವಂಶವಾಹಿಗೂ ಔಷಧಿಗೂ ಇರುವ ನಂಟು ಅದರಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕ್ಲೋಪಿಡೋಗ್ರೆಲ್ ನುಂಗಿದ ರೂಪದಲ್ಲೇ ಕೆಲಸ ಮಾಡುವುದಿಲ್ಲ. ಭತ್ತವನ್ನು ಕುಟ್ಟಿದ ಮೇಲೆಯೇ ಅಕ್ಕಿಯಾಗುವಂತೆ, ಲಿವರ್ ಅದನ್ನು ಮಾರ್ಪಡಿಸಿದ ಮೇಲೆಯೇ ಅದು ಔಷಧಿಯಾಗುತ್ತದೆ. ಒಳಹೊಕ್ಕ ಮಾತ್ರೆಯ ಬಹುಪಾಲು, ಸುಮಾರು ನೂರಕ್ಕೆ 85ರಷ್ಟು, ಕೆಲಸಕ್ಕೆ ಬಾರದೆ ಒಡೆದುಹೋಗುತ್ತದೆ. ಉಳಿದದ್ದನ್ನು ಸಕ್ರಿಯ ಔಷಧಿಯಾಗಿಸುವುದರಲ್ಲಿ ಸಿವೈಪಿ2ಸಿ19 ಎಂಬ ಕಿಣ್ವದ ಪಾತ್ರ ದೊಡ್ಡದು. ಈ ಕಿಣ್ವದ ವಂಶವಾಹಿ 10ನೆಯ ವರ್ಣತಂತುವಿನಲ್ಲಿದೆ. ಅದರ ಒಂದು ನಿರ್ದಿಷ್ಟ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ. ಈ ಬದಲಾವಣೆಗೆ ವಿಜ್ಞಾನಿಗಳು ‘ಸ್ಟಾರ್ 2’ ಎಂದು ಹೆಸರಿಟ್ಟಿದ್ದಾರೆ. ತಂದೆಯಿಂದೊಂದು, ತಾಯಿಯಿಂದೊಂದು ಹೀಗೆ ಎರಡೂ ಪ್ರತಿಗಳು ಸ್ಟಾರ್ 2 ಆಗಿದ್ದವರು ಮಾತ್ರೆಯನ್ನು ದಿನವೂ ತಪ್ಪದೆ ನುಂಗಿದರೂ ಸ್ಟೆಂಟಿಗೆ ಸಿಗಬೇಕಾದ ರಕ್ಷಣೆ ಪೂರ್ತಿಯಾಗಿ ಸಿಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಈ ಎಚ್ಚರಿಕೆಯನ್ನು ಕ್ಲೋಪಿಡೋಗ್ರೆಲ್‌ನ ಮಾಹಿತಿಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸುವಂತೆ ಮಾಡಿತು.

ಯುರೋಪಿನ ಜನರಲ್ಲಿ ಸ್ಟಾರ್ 2 ನಮ್ಮಲ್ಲಿರುವುದಕ್ಕಿಂತ ಬಹಳ ಕಡಿಮೆ. ಪುದುಚೇರಿಯ ಜಿಪ್ಮರ್ ಸಂಸ್ಥೆಯ ಸಂಶೋಧಕರು ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳ ಜನರ ರಕ್ತ ಪರೀಕ್ಷಿಸಿ, ವಂಶವಾಹಿ ಪ್ರತಿಗಳಲ್ಲಿ ಸರಿಸುಮಾರು ಮೂರಕ್ಕೊಂದು ಈ ಬಗೆಯದೆಂದು ಬಹಳ ಹಿಂದೆಯೇ ತೋರಿಸಿದ್ದರು. ಲೆಕ್ಕ ಹಾಕಿದರೆ, ನಮ್ಮಲ್ಲಿ ಹತ್ತು ಮಂದಿಗೆ ಒಬ್ಬರಷ್ಟಾದರೂ ಎರಡೂ ಪ್ರತಿ ಕೆಟ್ಟಿರುವವರು. ಬ್ರಿಟನ್ನಿನಲ್ಲಿ ನೆಲೆಸಿದ ಬಾಂಗ್ಲಾ ಮತ್ತು ಪಾಕಿಸ್ತಾನ ಮೂಲದವರ ದೊಡ್ಡ ಅಧ್ಯಯನವೊಂದು 2023ರಲ್ಲಿ ಹೊರಬಂತು. ಅವರಲ್ಲಿ ನೂರಕ್ಕೆ 57 ಮಂದಿಯಲ್ಲಿ ಕನಿಷ್ಠ ಒಂದು ಪ್ರತಿ ದುರ್ಬಲವಾಗಿತ್ತು. ಇಷ್ಟು ಸಾಮಾನ್ಯವಾದ ಮೈಗುಣವನ್ನು ಅಪರೂಪದ ಕಾಯಿಲೆಯ ಸಾಲಿಗೆ ಸೇರಿಸಿ ಸುಮ್ಮನಿರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಎಲ್ಲರಿಗೂ ಬೇರೆ ಮಾತ್ರೆಯನ್ನೇ ಕೊಟ್ಟುಬಿಡಬಹುದಲ್ಲ? ವಯಸ್ಸಾದವರ ವಿಷಯದಲ್ಲಿ ತೊಡಕಾಗುವುದು ಇಲ್ಲೇ. ಟಿಕಾಗ್ರೆಲಾರ್ ಈ ಕಿಣ್ವವನ್ನು ನೆಚ್ಚಿಕೊಂಡಿಲ್ಲ, ಆದರೆ ಅದರಿಂದ ರಕ್ತಸ್ರಾವ ಹೆಚ್ಚು, ಕೆಲವರಿಗೆ ಉಸಿರಾಟದ ತೊಂದರೆಯೂ ಆಗುತ್ತದೆ. ಪ್ರಾಸುಗ್ರೆಲ್ ಅನ್ನು 75 ದಾಟಿದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. 60 ಕಿಲೋಗಿಂತ ಹಗುರಾದವರಿಗೆ ಎಚ್ಚರದಿಂದ ಕೊಡಬೇಕು. ಪಾರ್ಶ್ವವಾಯು ಆಗಿದ್ದವರಿಗಂತೂ ಕೊಡಲೇಬಾರದು. ಗದ್ದೆಯಲ್ಲಿ ದುಡಿದು ಸೊರಗಿದ ನಮ್ಮ ಅಜ್ಜ ಅಜ್ಜಿಯರಲ್ಲಿ 60 ಕಿಲೋ ತೂಗುವವರು ಎಷ್ಟು ಜನ? ನೆದರ್ಲೆಂಡ್ಸಿನಲ್ಲಿ 70 ದಾಟಿದ 1,002 ಹೃದ್ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಲೋಪಿಡೋಗ್ರೆಲ್ ತೆಗೆದುಕೊಂಡವರಿಗೇ ರಕ್ತಸ್ರಾವ ಕಡಿಮೆಯಿತ್ತು. ಅದಕ್ಕೆ ಒಂದು ವರ್ಷ ಮೊದಲು ಅದೇ ದೇಶದವರ ನೇತೃತ್ವದಲ್ಲಿ 2,488 ಮಂದಿಯ ಮೇಲೆ ನಡೆದ ಇನ್ನೊಂದು ಪ್ರಯೋಗ ಪ್ರಕಟವಾಗಿತ್ತು. ವಂಶವಾಹಿ ನೋಡಿ, ಕಿಣ್ವ ಸರಿಯಿದ್ದವರಿಗೆ ಕ್ಲೋಪಿಡೋಗ್ರೆಲ್, ಇಲ್ಲದವರಿಗೆ ಬಲವಾದ ಮಾತ್ರೆ ಎಂದು ಹಂಚಿದಾಗ ರಕ್ತಸ್ರಾವ ಶೇಕಡಾ 12.5ರಿಂದ 9.8ಕ್ಕೆ ಇಳಿಯಿತು. ಹೆಪ್ಪುಗಟ್ಟುವ ಅಪಾಯ ಹೆಚ್ಚಲಿಲ್ಲ. ಅಂದರೆ ಮಾತ್ರೆ ಯಾರಿಗೆ ನಾಟುವುದಿಲ್ಲ ಎನ್ನುವುದರ ಜೊತೆಗೆ, ಅಗ್ಗದ, ಸೌಮ್ಯವಾದ ಮಾತ್ರೆ ಯಾರಿಗೆ ಸಾಕು ಎಂಬುದನ್ನೂ ಈ ಪರೀಕ್ಷೆ ಹೇಳುತ್ತದೆ. ಹಿರಿಯರಿಗೆ ಈ ಎರಡನೆಯ ಉತ್ತರದಿಂದ ಆಗುವ ಉಪಕಾರ ಸಣ್ಣದಲ್ಲ.

ವಿರುದ್ಧದ ಮಾತನ್ನೂ ಹೇಳಬೇಕು. 2020ರಲ್ಲೇ ಬಂದ 5,302 ಮಂದಿಯ ಮತ್ತೊಂದು ಪ್ರಯೋಗದಲ್ಲಿ ಪರೀಕ್ಷೆಯಿಂದ ಲಾಭ ಕಂಡರೂ ಅದು ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ಆದ್ದರಿಂದಲೇ ಎಲ್ಲ ಹೃದಯತಜ್ಞರೂ ಈ ಪರೀಕ್ಷೆ ಬರೆಯುವುದಿಲ್ಲ. ಬ್ರಿಟನ್ ಮಾತ್ರ 2024ರಲ್ಲಿ, ಪಾರ್ಶ್ವವಾಯು ಆದವರಿಗೆ ಕ್ಲೋಪಿಡೋಗ್ರೆಲ್ ಕೊಡುವ ಮುನ್ನ ಈ ಪರೀಕ್ಷೆ ಮಾಡಿ ಎಂದು ಶಿಫಾರಸು ಮಾಡಿತು.

ಇನ್ನೆರಡು ಸಂದರ್ಭಗಳನ್ನು ನೆನಪಿನಲ್ಲಿಡಬೇಕು. ಮುಖದ ನರದ ಅಸಹನೀಯ ನೋವಿಗೂ ಫಿಟ್ಸಿಗೂ ಕೊಡುವ ಕಾರ್ಬಮಜೆಪಿನ್, ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಗುರುತು ಇರುವವರಲ್ಲಿ ಮೈಯೆಲ್ಲ ಬೊಬ್ಬೆಯೆದ್ದು ಚರ್ಮ ಸುಲಿಯುವ ಮಾರಕ ಕಾಯಿಲೆ ತರಬಲ್ಲದು. ಭಾರತೀಯರಲ್ಲಿ ಸರಾಸರಿ ನೂರಕ್ಕೆ 2ರಿಂದ 4 ಮಂದಿಗೆ ಈ ಗುರುತಿದೆ. ಇನ್ನೊಂದು ಅರಿವಳಿಕೆಯ ಸಂಗತಿ. ಅರಿವಳಿಕೆ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಕೆಲವೇ ನಿಮಿಷಗಳಲ್ಲಿ ಕರಗಬೇಕು. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಅದನ್ನು ಒಡೆಯುವ ಕಿಣ್ವವೇ ಇರುವುದಿಲ್ಲ. ಅವರಿಗೆ ಗಂಟೆಗಟ್ಟಲೆ ಉಸಿರು ಮರಳದೆ ವೆಂಟಿಲೇಟರ್ ಬೇಕಾಗುತ್ತದೆ. ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ಇದರ ಮೇಲೆ ಬೆಳಕು ಚೆಲ್ಲಿತು. ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಮನೆತನದಲ್ಲಿ ಹಿಂದೆ ಹೀಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಹೇಳಬೇಕು. ಕಿಣ್ವದ ಮಟ್ಟವನ್ನು ಸರಳ ರಕ್ತಪರೀಕ್ಷೆಯಿಂದಲೇ ಅಳೆಯಬಹುದು.

ಏಳು ಯುರೋಪಿಯನ್ ದೇಶಗಳ 6,944 ರೋಗಿಗಳ ಅಧ್ಯಯನದಲ್ಲಿ, 12 ವಂಶವಾಹಿಗಳನ್ನು ನೋಡಿ ಔಷಧಿ ಕೊಟ್ಟಾಗ ಅಡ್ಡಪರಿಣಾಮಗಳು ಶೇಕಡಾ 30ರಷ್ಟು ತಗ್ಗಿದವು ಎಂದು 2023ರಲ್ಲಿ ‘ಲ್ಯಾನ್ಸೆಟ್’ ವರದಿ ಮಾಡಿತು. ಅವರ ಪಟ್ಟಿಯನ್ನೇ ನಮಗೆ ಹಚ್ಚಿಕೊಂಡರೆ ಸಾಲದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ, ಪುಣೆಯ ಐಸರ್ ಕೂಡ ಸೇರಿದ ‘ಜೀನೋಮ್ ಇಂಡಿಯಾ’ ಯೋಜನೆ 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ವಂಶವಾಹಿಗಳನ್ನು ಓದಿದೆ. 2025ರಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ನಮ್ಮದೇ ಪಟ್ಟಿ ಹುಟ್ಟಬೇಕಾದದ್ದು ಇಂಥ ಕೆಲಸದಿಂದ.

ವಂಶವಾಹಿ ಮುಪ್ಪಿನಲ್ಲಿ ಬದಲಾಗುವುದಿಲ್ಲ, ಕಿಡ್ನಿ ಬದಲಾಗುತ್ತದೆ. ಮೈಯಲ್ಲಿ ಮಾಂಸ ಕರಗಿದ ಮುದುಕರಿಗೆ ಕ್ರಿಯಾಟಿನಿನ್ ಸರಿಯಾಗಿಯೇ ಕಂಡರೂ ಕಿಡ್ನಿ ಸೋತಿರಬಹುದು. ಕಿಣ್ವ ಚೆನ್ನಾಗಿದ್ದವರಿಗೂ ಇನ್ನೊಂದು ಮಾತ್ರೆ ಅಡ್ಡ ಬರಬಹುದು. ಗ್ಯಾಸಿನ ಮಾತ್ರೆಯೆಂದು ಅಂಗಡಿಯಿಂದ ತಂದು ನುಂಗುವ ಒಮೆಪ್ರಜೋಲ್ ಇದೇ ಸಿವೈಪಿ2ಸಿ19ರ ಕೈಕಟ್ಟುತ್ತದೆ. ಕ್ಲೋಪಿಡೋಗ್ರೆಲ್ ಜೊತೆಗೆ ಅದು ಬೇಡ, ಪ್ಯಾಂಟೋಪ್ರಜೋಲ್ ವಾಸಿ. ಹಾಗಾಗಿ ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲು ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದೆ ಸುರಿಯುವುದೇ ಮೊದಲ ಕೆಲಸ.

ಸಿವೈಪಿ2ಸಿ19 ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ‘1/1’ ಎಂದಿದ್ದರೆ ಕಿಣ್ವ ಸಹಜ. ‘1/2’ ಇದ್ದರೆ ಅರೆಬರೆ, ‘2/2’ ಇದ್ದರೆ ಇಲ್ಲವೆಂದೇ ಲೆಕ್ಕ. ಏನೇ ಬಂದಿರಲಿ, ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಒಂದು ದಿನವೂ ಮಾತ್ರೆ ನಿಲ್ಲಿಸಬಾರದು, ಜೀವಕ್ಕೇ ಅಪಾಯ. ವರದಿಯನ್ನು ಸ್ಟೆಂಟ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಮಕ್ಕಳ ಫೋನಿನಲ್ಲೂ ಒಂದು ಚಿತ್ರವಿರಲಿ. ‘2/2’ ಇರುವವರ ಪ್ರತಿಯೊಂದು ಮಗುವಿಗೂ ಒಂದು ಸ್ಟಾರ್ 2 ಬಂದೇ ಇರುತ್ತದೆ. ನಾಳೆ ಅವರಿಗೇ ಕ್ಲೋಪಿಡೋಗ್ರೆಲ್ ಬರೆಯುವ ಸಂದರ್ಭ ಬಂದರೆ ವೈದ್ಯರಿಗೆ ತೋರಿಸಲು ಅದು ಬೇಕಾಗುತ್ತದೆ.