ಪುಂಸ್ತ್ವವೂ ಬೀಜವೂ

ಮಕ್ಕಳಿಲ್ಲದ ಹೆಂಗಸನ್ನು ‘ಬಂಜೆ’ ಎನ್ನುವ ನಮ್ಮ ನುಡಿಯಲ್ಲಿ ಬೀಜದೋಷವುಳ್ಳ ಗಂಡಸಿಗೆ ತಕ್ಕ ಬಳಕೆಯ ಮಾತಿಲ್ಲ. ಅಮರಕೋಶದಲ್ಲಿ ‘ವಂಧ್ಯ’ವೆಂಬ ಪುಲ್ಲಿಂಗಶಬ್ದವೇನೋ ಉಂಟು, ಅದು ಫಲಿಸದ ಮರಕ್ಕೆ ಹೇಳಿದುದು! ‘ಷಂಡ’ ಎಂಬುದು ರತಿಶಕ್ತಿಯಿಲ್ಲದವನನ್ನೂ ಬೀಜಶಕ್ತಿಯಿಲ್ಲದವನನ್ನೂ ಒಂದಾಗಿ ಎಣಿಸುತ್ತದೆ. ಆದುದರಿಂದಲೇ ದೃಢಕಾಯನಾದ ಗಂಡನಲ್ಲಿ ದೋಷವಿರಲಾರದೆಂದು ಬಗೆದು, ಹೆಂಡತಿಯೊಬ್ಬಳನ್ನೇ ವ್ರತೌಷಧಗಳಿಗೆ ಗುರಿಮಾಡುವುದು ಸುಲಭವಾಗಿದೆ. ಪ್ರಾಚೀನರ ವಿವೇಕವು ಇದಕ್ಕಿಂತ ಸೂಕ್ಷ್ಮವಾದುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯವು ಕ್ಲೈಬ್ಯವನ್ನು ಬೀಜೋಪಘಾತ, ಧ್ವಜೋಪಘಾತ, ಜರೆ, ಶುಕ್ರಕ್ಷಯಗಳೆಂಬ ನಿಮಿತ್ತಭೇದದಿಂದ ನಾಲ್ಕಾಗಿ ವಿಂಗಡಿಸುತ್ತದೆ. ಆದರೂ ನಾಲ್ಕಕ್ಕೂ ಕ್ಲೈಬ್ಯವೆಂಬ ಹೆಸರೊಂದೇ ಆಯಿತು.

ಪುಂಸ್ತ್ವ ಬೇರೆ, ಬೀಜ ಬೇರೆ ಎಂಬುದಕ್ಕೆ ಹಾರ್ಮೋನುಗಳ ವಿಚಾರದಲ್ಲಿ ಪ್ರಬಲವಾದ ಪ್ರಮಾಣವು ದೊರೆಯುತ್ತದೆ. 1905ರಲ್ಲಿ ಸ್ಟಾರ್ಲಿಂಗ್ ಎಂಬ ಆಂಗ್ಲ ವಿದ್ವಾಂಸನು ಬಳಕೆಗೆ ತಂದ ಈ ಹೆಸರಿಗೆ ಪ್ರೇರಣಾರ್ಥಕವಾದ ಗ್ರೀಕ್ ಧಾತುವು ಮೂಲ. ನಮ್ಮ ‘ಚುದ್’ ಧಾತುವಿನ ಅರ್ಥವೂ ಅದೇ ಆದುದರಿಂದ ‘ಚೋದಕ’ವೆಂಬ ಹೆಸರು ಚೆನ್ನಾಗಿ ಒಪ್ಪುತ್ತದೆ.

ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು ಬಿಟ್ಟುಬಿಟ್ಟು ಒಂದು ಚೋದಕವನ್ನು ಸ್ರವಿಸುತ್ತದೆ. ಇದರ ರಚನೆಯನ್ನು 1971ರಲ್ಲಿ ಕಂಡುಹಿಡಿದರು. ಈ ಬಗೆಯ ಸಂಶೋಧನೆಗಾಗಿ ಶ್ಯಾಲಿ, ಗಿಲ್ಲೆಮಿನ್ ಇವರಿಗೆ 1977ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಇದರ ಪ್ರೇರಣೆಯಿಂದ ಪಿಟ್ಯುಟರಿ ಗ್ರಂಥಿಯು ಎಲ್.ಎಚ್., ಎಫ್.ಎಸ್.ಎಚ್. ಎಂಬೆರಡು ಚೋದಕಗಳನ್ನು ರಕ್ತಕ್ಕೆ ಕಳುಹಿಸುತ್ತದೆ. ಮೊದಲನೆಯದು ವೃಷಣದ ಲೈಡಿಗ್ ಕೋಶಗಳಿಂದ ಟೆಸ್ಟೊಸ್ಟಿರೋನನ್ನು ಹುಟ್ಟಿಸುವುದು. ಎರಡನೆಯದು ವೀರ್ಯಾಣುಗಳನ್ನು ದಾದಿಯಂತೆ ಪೋಷಿಸುವ ಸರ್ಟೋಲಿ ಕೋಶಗಳನ್ನು ಪ್ರಚೋದಿಸುವುದು. ವೀರ್ಯಾಣುವು ಸಿದ್ಧವಾಗಲು ಎರಡು ತಿಂಗಳಿಗೂ ಮೇಲ್ಪಟ್ಟ ಕಾಲ ಬೇಕು. ಅಷ್ಟು ಕಾಲವೂ ವೃಷಣದೊಳಗೆ ಟೆಸ್ಟೊಸ್ಟಿರೋನು ರಕ್ತದಲ್ಲಿರುವುದಕ್ಕಿಂತ ಅನೇಕ ಪಾಲು ಸಾಂದ್ರವಾಗಿರತಕ್ಕದ್ದು.

ಇಲ್ಲಿಯೇ ವಿರೋಧಾಭಾಸವೊಂದಿದೆ. ರಕ್ತದಲ್ಲಿ ಟೆಸ್ಟೊಸ್ಟಿರೋನು ಹೆಚ್ಚಿದೊಡನೆ ಮೆದುಳು ತನ್ನ ಆಜ್ಞೆಯನ್ನು ಕಡಿಮೆಮಾಡುತ್ತದೆ. ಪುಷ್ಟಿಗೆಂದು ಅದನ್ನೇ ಚುಚ್ಚಿಸಿಕೊಂಡವನ ದೇಹವು ಬಲಿಯಬಹುದು, ರತಿಶಕ್ತಿಗೂ ಕುಂದಿಲ್ಲದಿರಬಹುದು. ಆದರೆ ಪಿಟ್ಯುಟರಿಯ ಚೋದನೆ ತಪ್ಪಿದ ವೃಷಣವು ತಾನು ಟೆಸ್ಟೊಸ್ಟಿರೋನನ್ನು ಮಾಡುವುದನ್ನು ಬಿಡುತ್ತದೆ, ಬೀಜವು ಬತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾರಕ್ಕೆ 200 ಮಿಲಿಗ್ರಾಮಿನಂತೆ ಈ ದ್ರವ್ಯವನ್ನು ಕೊಟ್ಟುದು ಗರ್ಭನಿರೋಧಕ್ಕಾಗಿಯೇ! ಅಂಗಸಾಧನೆಯ ಹುಚ್ಚಿನಲ್ಲಿ ಇದನ್ನು ಸೇವಿಸುವ ಇಂದಿನ ತರುಣರು ವಾಜೀಕರಣವೆಂದು ತಿಳಿದು ಅದಕ್ಕೆ ವಿಪರೀತವಾದುದನ್ನೇ ಮಾಡಿಕೊಳ್ಳುತ್ತಿದ್ದಾರೆ. ಬಿಟ್ಟ ಮೇಲೆ ಬೀಜವು ಸಾಮಾನ್ಯವಾಗಿ ಮರಳುವುದಾದರೂ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಚೋದಕದ ಕೊರತೆಯಿಂದಾದ ವಂಧ್ಯತ್ವವು ಒಟ್ಟಿನಲ್ಲಿ ಅಲ್ಪಭಾಗವೇ ಸರಿ. ನಾಳದ ತಡೆ, ವೃಷಣದ ರಕ್ತನಾಳಗಳ ಊತ, ಜನ್ಮತಃ ಬಂದ ದೋಷ ಮೊದಲಾದ ಕಾರಣಗಳು ಬೇರೆ ಇವೆ. ಆದರೆ ಆ ಅಲ್ಪಭಾಗದಲ್ಲಿ ಚಿಕಿತ್ಸೆಗೆ ಎಡೆಯುಂಟು. ಮೇಲಿನ ಆಜ್ಞೆಯೇ ಇಲ್ಲದಿದ್ದರೆ ಎಲ್.ಎಚ್.ನ ಕೆಲಸವನ್ನು ಮಾಡುವ ಎಚ್.ಸಿ.ಜಿ.ಯನ್ನೂ ಬೇಕಾದಲ್ಲಿ ಎಫ್.ಎಸ್.ಎಚ್.ಅನ್ನೂ ಕೊಟ್ಟು ಬೀಜವನ್ನು ಹುಟ್ಟಿಸಬಹುದು. ಎಫ್.ಎಸ್.ಎಚ್. ಮಿತಿಮೀರಿ ಏರಿದ್ದು ವೃಷಣವು ಕಿರಿದಾಗಿದ್ದರೆ ಕೇಡು ಆಜ್ಞೆಯಲ್ಲಿಲ್ಲ, ವೃಷಣದಲ್ಲಿಯೇ ಇದೆಯೆಂದು ವೈದ್ಯನು ಊಹಿಸುವನು. ಅಲ್ಲಿ ಚೋದಕಗಳಿಂದ ಹೆಚ್ಚಿನ ಫಲವನ್ನು ನಿರೀಕ್ಷಿಸಲಾಗದು. ಈ ಭೇದವು ತಿಳಿಯಬೇಕಾದರೆ ಗಂಡನ ವೀರ್ಯವನ್ನೂ ಬೆಳಗ್ಗೆ ತೆಗೆದ ರಕ್ತವನ್ನೂ ಪರೀಕ್ಷಿಸಬೇಕು. ಹೆಂಡತಿಯ ಪರೀಕ್ಷೆಯು ಮುಗಿಯಲೆಂದು ಅದಕ್ಕೆ ಕಾಯುವುದು ಉಚಿತವಲ್ಲ.