ಯಾರೋ ಮಾಡಿಸಿದ್ದಾರೆ

ಹಸು ಹಾಲು ಬಿಡದಿದ್ದರೆ, ಗೊತ್ತಾದ ಮದುವೆ ಮುರಿದುಬಿದ್ದರೆ, ನಡೆಯುತ್ತಿದ್ದ ಅಂಗಡಿ ಬಿಕೋ ಎಂದರೆ ಹಳೇ ಮೈಸೂರಿನ ಕಡೆ ಒಂದು ಮಾತು ಹೊರಡುತ್ತದೆ: ‘ಯಾರೋ ಮಾಡ್ಸವ್ರೆ’. ಏನನ್ನು ಮಾಡಿಸಿದ್ದಾರೆಂದು ಹೇಳುವವರಿಲ್ಲ, ಕೇಳುವವರೂ ಇಲ್ಲ. ಕರ್ಮಪದ ಬಾಯಿಗೆ ಬಂದರೆ ಮನೆಗೂ ಬಂದೀತೆಂಬ ಅಂಜಿಕೆ ಇರಬೇಕು.

ಆ ನುಂಗಿದ ಪದ ಮಾಟ. ಆಡುವುದು ಆಟ, ಓಡುವುದು ಓಟ, ನೋಡುವುದು ನೋಟವಾದಂತೆ ಮಾಡಿದ್ದು ಮಾಟ. ಮೂಲದಲ್ಲಿ ಅದು ಬರೀ ಕೆಲಸ, ರಚನೆ, ರೀತಿ. ಆ ಹಳೆಯ ಅರ್ಥ ಸತ್ತಿಲ್ಲ. ಹುಡುಗಿಯ ಮೂಗು ಮಾಟವಾಗಿದೆ ಎಂದರೆ ಹೊಗಳಿಕೆ. ಸಿನಿಮಾ ಪುಟಗಳು ಮೈಮಾಟವನ್ನು ಬಿಟ್ಟು ಬದುಕಲಾರವು. ಅದೇ ಹುಡುಗಿಯನ್ನು ಮಾಟಗಾತಿ ಎಂದು ನೋಡಿ!

ಇದು ಕನ್ನಡವೊಂದರ ಚಾಳಿಯಲ್ಲ. ತಮಿಳರ ‘ಸೆಯ್‌ವಿನೈ’, ಮರಾಠಿಗರ ‘ಕರಣಿ’, ಸಂಸ್ಕೃತದ ‘ಕೃತ್ಯೆ’ ಎಲ್ಲದರ ಬೇರೂ ‘ಮಾಡು’ ಎಂಬುದೇ. ಕೃತ್ಯೆಯನ್ನು ಮಾಡಿದವನ ಮನೆಗೇ ವಾಪಸು ಅಟ್ಟುವ ಮಂತ್ರಗಳು ಅಥರ್ವವೇದದಲ್ಲಿವೆ. ಕರಾವಳಿಯಲ್ಲಿ ಜೋಯಿಸರ ಮುಂದೆ ಪ್ರಶ್ನೆ ಇಟ್ಟಾಗ ಕೇಳುವ ‘ಕೃತ್ರಿಮ’ವೂ ಇದೇ ಕುಲದ್ದು.

ಮೋಡಿಯ ಅದೃಷ್ಟ ಬೇರೆ. ಊರ ಬಯಲಲ್ಲಿ ಮೋಡಿ ಹಾಕಿ ಒಬ್ಬರನ್ನೊಬ್ಬರು ಕೆಡವುವ ಆಟದ ಹೆಸರಾಗಿದ್ದ ಅದು ಈಗ ಕ್ರೀಡಾಪುಟ ಸೇರಿದೆ. ಸ್ಪಿನ್ನರ್ ಐದು ವಿಕೆಟ್ ಕಿತ್ತರೆ ಮೋಡಿ. ಮಾಟ ಮಾಡಿದ ಎಂದು ಯಾವ ವರದಿಗಾರನೂ ಬರೆಯಲಾರ.

ನನಗೆ ಹೆಚ್ಚು ಕುತೂಹಲ ‘ಮಾಡಿಸು’ ಎಂಬಲ್ಲಿನ ಆ ‘ಇಸು’ವಿನ ಮೇಲೆ. ಸಿಟ್ಟು ನಿಂಬೆಹಣ್ಣು ಮಂತ್ರಿಸಿದವನ ಮೇಲಲ್ಲ, ದುಡ್ಡು ಕೊಟ್ಟು ಮಾಡಿಸಿದವರ ಮೇಲೆ. ಅವರು ದೂರದವರಾಗುವುದು ಅಪರೂಪ: ಓರಗಿತ್ತಿ, ದಾಯಾದಿ, ಬದುವಿನಾಚೆಯ ಹೊಲದವನು. ಬಾಯಿಬಿಟ್ಟು ಹೆಸರು ಹೇಳದೆಯೂ ಇಡೀ ಕೇರಿಗೆ ಗೊತ್ತಾಗುವಂತೆ ದೂರುವುದಕ್ಕೆ ಈ ‘ಯಾರೋ’ ಸಾಕು.

ಟಿವಿಯವರಿಗೆ ಈ ಮನೆಮಾತು ಸಾಲದು. ಮೂರು ದಾರಿ ಕೂಡುವಲ್ಲಿ ಕುಂಕುಮ ಕಂಡರೆ ‘ವಾಮಾಚಾರದ ಶಂಕೆ’. ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ; ಶಿಕ್ಷೆ ಒಂದರಿಂದ ಏಳು ವರ್ಷ. ಆದರೂ ಮಾಡಿಸಿದ್ದನ್ನು ‘ತೆಗೆಸು’ವ ವ್ಯವಹಾರ ನಿಂತಿಲ್ಲ. ಹಲವು ಕಡೆ ಮಾಡುವವನೂ ತೆಗೆಯುವವನೂ ಒಬ್ಬನೇ, ತೆಗೆಯುವುದಕ್ಕೆ ದಕ್ಷಿಣೆ ತುಸು ಹೆಚ್ಚು.